ತಕ್ಕಡಿಯಲ್ಲಿ ತೂಗಿದ ರಿವಾಲ್ವರ್

ಹುಮನಾಬಾದ್

ಬಸವಕಲ್ಯಾಣದ ಅಬ್ದುಲ್ ರಜಾಕ್ ಸಾಹೇಬರಿಗೆ ಶರಣಾರ್ಥಿ.

ಒಟ್ಟು ಖರ್ಚು ಮೊದಲೇ ಹೇಳಿಬಿಡುತ್ತೇನೆ: ನನ್ನ ಬಲಗೈ ಮಣಿಕಟ್ಟು, ಕನ್ನಡಕ, ಘಾಟಬೋರಾಳದ ಹೊಲದ ಮೂರು ಸಾಲು ಕಬ್ಬು.

ನಮ್ಮಿಬ್ಬರದೂ ಒಂದೇ ಕಂಪನಿಯ, ದಪ್ಪ ಗುಂಡಿನ ಹಗುರ ರಿವಾಲ್ವರ್. ನಿಮ್ಮದು ಹಳೆಯದು, ರಬ್ಬರ್ ಹಿಡಿಕೆಯದು. ನನ್ನದು ಹೊಸದು, ನುಣುಪು ಕಟ್ಟಿಗೆಯದು. ನನ್ನ ಬೇಳೆ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗಿ, ನನ್ನದೇ ಹಗುರ ಎಂದು ನಿಮ್ಮೆದುರು ಮೆರೆದೆ. ತೂಕ ಕಡಿಮೆಯಿದ್ದ ಮಾಲಿಗೆ ನಾನು ಹೆಚ್ಚು ದುಡ್ಡು ಕೊಟ್ಟದ್ದು ಜನ್ಮದಲ್ಲಿ ಅದೊಂದೇ ಸಲ. "ಹಗುರ ಇದ್ದಷ್ಟೂ ಒದೀತದ್ರಿ ಸೇಠ" ಎಂದು ನೀವಂದಾಗ ಹೊಟ್ಟೆಕಿಚ್ಚು ಅಂದುಕೊಂಡೆ.

ಮೊನ್ನೆ ಕಬ್ಬಿಗೆ ಹಂದಿ ನುಗ್ಗಿದವು. ಬೆದರಿಸಲೆಂದು ಒಂದೇ ಕೈಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿದೆ. ರಿವಾಲ್ವರ್ ಹಿಂದಕ್ಕೆ ಒದ್ದು, ಮಣಿಕಟ್ಟು ತಿರುಚಿ ಕನ್ನಡಕಕ್ಕೆ ಬಡಿಯಿತು. ನಾನು ಕಾಲುವೆಗೆ ಬಿದ್ದೆ. ಹಂದಿಗಳು ತುಸು ಹೊತ್ತು ನನ್ನನ್ನು ನೋಡಿ, ಮತ್ತೆ ಮೇಯತೊಡಗಿದವು. ಕೊನೆಗೆ ನನ್ನ ಹೆಂಡತಿ ದ್ರೌಪತಿ ತಾಟು ಬಡಿಯುತ್ತ ಬಂದು ಓಡಿಸಿದಳು. ತಾಟು ನನ್ನ ಮುಂದೆ ಹಿಡಿದು, "ಇದನ್ನೂ ಒಮ್ಮೆ ತೂಗಿ ನೋಡ್ರಿ" ಅಂದಳು.

ಒದೆತ ತಾಳಿಕೊಳ್ಳುವ, ನಿಮ್ಮದರಂಥ ರಬ್ಬರ್ ಹಿಡಿಕೆ ನನ್ನದಕ್ಕೆ ಹೊಂದುತ್ತದೆಯೇ, ತಿಳಿಸಿ. ಚಹಾದಂಗಡಿಯಲ್ಲಿ ಮಾತ್ರ ಬಾಯಿ ಬಿಡಬೇಡಿ.

ಹಂದಿಗೆ ಕಬ್ಬು ಸಿಕ್ಕಿತು, ನಿಮ್ಮ ಮಾತಿಗೆ ಗೆಲುವು ಸಿಕ್ಕಿತು, ದ್ರೌಪತಿಗೆ ಹೊಲದ ಕಾವಲು ಸಿಕ್ಕಿತು. ನನಗೆ ಕೈಪಟ್ಟಿ.

ಎಡಗೈಯಲ್ಲಿ ಬರೆದ,
ನಿಮ್ಮ ವೈಜಿನಾಥ