ಕೌದಿಯ ಅಳತೆ

ಯಂಕಂಚಿಯ ಅತ್ತೆಯವರಿಗೆ ಸಿಂದಗಿಯಿಂದ ಸೊಸೆ ವಿದ್ಯಾವತಿಯ ನಮಸ್ಕಾರ.

ಕೂಸಿನ ತೊಟ್ಟಿಲಿಗೆ ಕೌದಿ ಹೊಲಿಯಲು ನಾನು ನಿಮಗೆ ಕಳಿಸಿದ ಹಳೆ ಬಟ್ಟೆಗಳ ಗಂಟಿನಲ್ಲಿ ಕೆಂಪು ಸೆರಗಿನ ತುಂಡೊಂದಿದೆ. ನಿಮ್ಮ ಇಳಕಲ್ ಸೀರೆಯದೇ ಇರಬೇಕು. ನಿಮ್ಮ ಮಗನ ತಲೆದಿಂಬಿನ ಚೀಲದೊಳಗೆ ಸಿಕ್ಕಿತ್ತು. ಚಿಂದಿಯೆಂದು ನಾನೇ ಗಂಟಿಗೆ ಹಾಕಿದೆ.

ಅಂದಿನಿಂದ ಅವರು ಮಲಗುವಾಗ ದಿಂಬಿನೊಳಗೆ ಕೈ ಹಾಕಿ ಹುಡುಕುತ್ತಾರೆ. ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊರುವ ಹಮಾಲರನ್ನೆಲ್ಲ ಗದರಿಸುವ ಗಂಡಸು. ಏನೆಂದು ಕೇಳಿದರೆ, “ಏನಿಲ್ಲ, ಹತ್ತಿ ಗಂಟಾಗೇತಿ” ಅನ್ನುತ್ತಾರೆ. ಫೋನಿನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ.

ಸೆರಗನ್ನು ಇನ್ನೂ ಕತ್ತರಿಸಿರದಿದ್ದರೆ ತಿರುಗಿ ಕಳಿಸಿರಿ, ತೊಳೆಯಬೇಡಿರಿ. ಕೌದಿಗೆ ಹಚ್ಚಿಬಿಟ್ಟಿದ್ದರೆ ಬಿಚ್ಚಬೇಡಿರಿ. ಕೂಸಿಗೆ ಬೇರೆ ಹೊಲಿದರಾಯಿತು. ಈ ಕೌದಿ ನಿಮ್ಮ ಮಗನ ಕಾಲು ಮುಚ್ಚುವಷ್ಟು ಉದ್ದವಿರಲಿ.

ನಿಮ್ಮ ಸೊಸೆ,
ವಿದ್ಯಾವತಿ