ಕಾಂದಿವಲಿಯ ಬಿಳಿ ಚೀಟಿಗಳು

ಮಾನ್ಯ ನಿರ್ದೇಶಕರೇ,

ನಾವು ಮಕ್ಕಳಿಗೆ ಕೊಟ್ಟ ಮಾತು ಮುರಿದಿದ್ದೇವೆ. ನೀವು ಕಚೇರಿಯಲ್ಲಿ ಕುಳಿತು ಮುರಿದಿರಿ, ನಾನು ಅವರ ಎದುರಿಗೇ ನಿಂತು ಮುರಿದೆ. ಮುಂಬೈಯ ಕಾಂದಿವಲಿಯಲ್ಲಿ ಕೈಗಾರಿಕಾ ಎಸ್ಟೇಟಿನ ಹಿಂದಿರುವ ಚಾಳಿನಲ್ಲಿ ನಿಮ್ಮ ಸಂಸ್ಥೆ ನಡೆಸಿದ 'ಸಂಜೆ ಕೋಣೆ'ಯ ಅಧ್ಯಯನದಲ್ಲಿ ಅರ್ಧ ಮಕ್ಕಳಿಗೆ 'ಈಗಲೇ ಬನ್ನಿ' ಎಂದೆವು, ಉಳಿದವರಿಗೆ 'ಮುಂದಿನ ವರ್ಷ' ಎಂದೆವು. ಆ ಮುಂದಿನ ವರ್ಷ ಬಂದು, ಕಳೆದೂ ಹೋಯಿತು. ಕೋಣೆಗೆ ಬೀಗ ಬಿದ್ದಿದೆ. ಬೀಗದ ಕೈ ನಿಮ್ಮ ಕಚೇರಿಯಲ್ಲಿದೆ.

ಇದನ್ನು ಕನ್ನಡ ಪತ್ರಿಕೆಗೆ ಏಕೆ ಬರೆದಳು ಎಂದು ನೀವು ಬೇಸರಪಡಬಹುದು. ಇಂಗ್ಲಿಷಿನಲ್ಲಿ ಬರೆದದ್ದಕ್ಕೆಲ್ಲ ನಿಮ್ಮ ಕಚೇರಿ 'ತಮ್ಮ ಕಾಳಜಿಗೆ ಧನ್ಯವಾದಗಳು' ಎಂಬ ಒಂದೇ ಉತ್ತರ ಕೊಟ್ಟಿದೆ. ಇನ್ನೊಂದು ಕಾರಣವೂ ಇದೆ. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ನಿಮಗೆ ಶಾಲು ಹೊದಿಸಿದ ದಿನ, 'ಸಂಶೋಧನೆ ಎಂದರೆ ಮಗುವಿನ ಮಾತಿಗೆ ಕಿವಿಗೊಡುವುದು' ಎಂದು ನೀವು ಅಚ್ಚ ಕನ್ನಡದಲ್ಲಿ ಹೇಳಿದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ತಟ್ಟಿದ ಚಪ್ಪಾಳೆಯನ್ನು ವಾಪಸ್ ಪಡೆಯುವ ದಾರಿ ಇಲ್ಲ. ಅಂದು ಅಲ್ಲಿದ್ದವರಿಗಾದರೂ ಉಳಿದ ಕಥೆ ಗೊತ್ತಾಗಲಿ.

ಓದುಗರಿಗಾಗಿ ಹೇಳುತ್ತೇನೆ. ಸಂಜೆ ಕೋಣೆ ದೊಡ್ಡ ಯೋಜನೆಯೇನಲ್ಲ. ಶಾಲೆ ಬಿಟ್ಟ ಅಥವಾ ಬಿಡುವ ಅಂಚಿನಲ್ಲಿದ್ದ ಮಕ್ಕಳು ದಿನಾ ಸಂಜೆ ಅಲ್ಲಿಗೆ ಬರುತ್ತಿದ್ದರು. ಕೋಣೆಯ ಶಿಕ್ಷಕಿ ಸುಮಿತ್ರಾ ಮೇಡಂ ಮೊದಲು ಅವರ ಮಾತು ಕೇಳುತ್ತಿದ್ದರು, ಆಮೇಲೆ ತಪ್ಪಿಹೋದ ಪಾಠ ಹೇಳಿಕೊಡುತ್ತಿದ್ದರು, ಬೇಕಾದಾಗ ಮಗುವಿನ ಜೊತೆ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ತಿರ ಜಗಳವನ್ನೂ ಆಡುತ್ತಿದ್ದರು. ಇಷ್ಟರಿಂದ ಮಕ್ಕಳ ಬದುಕು ನಿಜವಾಗಿ ಸುಧಾರಿಸುತ್ತದೆಯೇ ಎಂದು ತಿಳಿಯಲು, ಅರ್ಧ ಮಕ್ಕಳು ಒಂದು ವರ್ಷ ಕಾಯಬೇಕಿತ್ತು. ಇದು ನನಗೆ ಆಗಲೂ ಅನ್ಯಾಯ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಒಳ್ಳೆಯ ಉದ್ದೇಶವೊಂದೇ ಸಾಕೆಂದು ಬಡ ಮಕ್ಕಳ ಮೇಲೆ ಏನೇನನ್ನೋ ಹೇರಿದ ಕಥೆಗಳನ್ನು ನಾನೂ ಓದಿದ್ದೇನೆ. ಪರೀಕ್ಷಿಸಿ ನೋಡುವುದು ಗೌರವದ ಕೆಲಸ.

ಯಾರು ಈಗ, ಯಾರು ಮುಂದಿನ ವರ್ಷ ಎಂಬುದನ್ನು ನಿಮ್ಮ ಕಂಪ್ಯೂಟರ್ ಆರಿಸಬೇಕಿತ್ತು. ಅದನ್ನು ತಡೆದವಳು ನಾನು. ಬಿಜಾಪುರ ಕಡೆಯವರ ಮನೆಗಳಿರುವ ಚಾಳು ಅದು. ಕನ್ನಡ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದಿರಿ. ಕಾಲೇಜು ದಿನಗಳಿಂದ ದಾದರ್ ಸ್ಟೇಷನ್ನಿನ ಹೊರಗೆ ಹಂಚುವ ಕರಪತ್ರಗಳನ್ನು ಓದಿ ಓದಿ ನನ್ನ ಬಾಯಲ್ಲಿ ಘೋಷಣೆಗಳೇ ತುಂಬಿದ್ದವು. ಸಭೆಯಲ್ಲಿ ಎದ್ದು ನಿಂತು, 'ಮಕ್ಕಳ ನಾಳೆಯನ್ನು ಯಂತ್ರ ನಿರ್ಧರಿಸಬಾರದು, ಅವರ ಕೈಗೇ ಕೊಡಿ, ಚೀಟಿ ಎತ್ತಲಿ' ಎಂದೆ. ನೀವು 'ಬ್ರಿಲಿಯಂಟ್' ಎಂದಿರಿ. ಆ ರಾತ್ರಿ ಹಿಗ್ಗಿನಲ್ಲಿ ನನಗೆ ಊಟವೇ ಸೇರಲಿಲ್ಲ.

ಅಮ್ಮನ ಚಕ್ಕುಲಿ ಡಬ್ಬ ತಂದೆ. ಹಸಿರು ಚೀಟಿ ಎಂದರೆ ಈಗ, ಬಿಳಿ ಎಂದರೆ ಮುಂದಿನ ವರ್ಷ. ಮಕ್ಕಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪರೀಕ್ಷೆಗೆ ಬಂದಂತೆ ಬಂದರು. ಕೆಲವರು ಕಣ್ಣು ಮುಚ್ಚಿ ದೇವರನ್ನು ನೆನೆದು ಕೈ ಹಾಕಿದರು. ವೈಶಾಲಿಗೆ ಹಸಿರು ಬಂತು. ಅವಳ ಪಕ್ಕದ ಮನೆಯ ಗೆಳತಿ ಮಾಧುರಿ ಕೈಯನ್ನು ಫ್ರಾಕಿಗೆ ಎರಡೆರಡು ಸಲ ಒರೆಸಿಕೊಂಡು ಎತ್ತಿದಳು. ಬಿಳಿ.

"ದೀದಿ, ಬಿಳೀದಂದ್ರ ಫೇಲ್ ಏನ್ರಿ?"

"ಫೇಲ್ ಅಲ್ಲಮ್ಮ. ಮುಂದಿನ ವರ್ಷ ನಿನ್ನ ಪಾಳಿ."

"ಪಕ್ಕಾ?"

"ಪಕ್ಕಾ," ಎಂದೆ.

ಆ 'ಪಕ್ಕಾ' ಹೆತ್ತವರಿಂದ ಸಹಿ ಹಾಕಿಸಿಕೊಂಡ ನಿಮ್ಮ ಅನುಮತಿ ಪತ್ರದ ಮೂರು ಪುಟಗಳಲ್ಲಿ ಎಲ್ಲೂ ಇಲ್ಲ. ಆದರೆ ಮಾಧುರಿ ನಂಬಿದ್ದು ಅದನ್ನೇ.

ಕೆಲವು ತಿಂಗಳ ನಂತರ, ನಳದ ಹತ್ತಿರ ಕೊಡಗಳು ಸಾಲಾಗಿ ಕಾಯುತ್ತಿರುವಾಗ, ವೈಶಾಲಿ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ಮಾಧುರಿಗೆ ಬೀಜಗಣಿತ ಹೇಳಿಕೊಡುವುದನ್ನು ಕಂಡೆ. ಕೋಣೆಯ ಮಕ್ಕಳು ಅಲ್ಲಿ ಕಲಿತದ್ದನ್ನು ಕಾಯುವ ಮಕ್ಕಳಿಗೆ ಹೇಳಿಕೊಡಬಾರದು, ಹೋಲಿಕೆ ಕೆಡುತ್ತದೆ ಎಂಬುದು ನಿಮ್ಮ ನಿಯಮ. ನಾನು ಗದರಿದೆ.

"ಇಕಿಗೆ ಹೇಳಿದ್ರ ನನ್ನದೇನ್ ಕಮ್ಮಿ ಆಕ್ಕೈತಿ ದೀದಿ?" ಎಂದಳು ವೈಶಾಲಿ.

"ರಿಸಲ್ಟ್ ಹಾಳಾಗುತ್ತೆ ಕಣೇ."

"ಯಾರ ರಿಸಲ್ಟ್?"

ನಾನು ಕಾಲಿನಿಂದ ಆ ಲೆಕ್ಕವನ್ನು ಅಳಿಸಿದೆ. ಬೇರೆ ಯಾರೂ ಅಲ್ಲ, ನಾನೇ. ಬಂಡಾಯದ ಕರಪತ್ರ ಓದುವವಳು ಒಂದು ಮಗು ಇನ್ನೊಂದು ಮಗುವಿಗೆ ಪಾಠ ಹೇಳುವುದನ್ನು ತಡೆದೆ. ಮುಂದಿನ ವರ್ಷ ಇದನ್ನೆಲ್ಲ ತುಂಬಿಕೊಡುತ್ತೇವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರಿಸಲ್ಟ್ ಬಂತು. ಅದ್ಭುತವಾಗಿ ಬಂತು. ಕೋಣೆಗೆ ಬಂದವರಲ್ಲಿ ಬಹುಪಾಲು ಮಕ್ಕಳು ಶಾಲೆಗೆ ಮರಳಿದರು, ರಾತ್ರಿ ನಿದ್ದೆ ಬರುತ್ತದೆ ಎಂದರು, ಭಯ ಕಡಿಮೆಯಾಗಿದೆ ಎಂದರು. ವೈಶಾಲಿ ಈಗ ಹತ್ತನೇ ತರಗತಿ. ನೀವು ವಿದೇಶದ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಿರಿ. ಬೇರೆ ಬೇರೆ ದೇಶಗಳ ಬಡ ಬಡಾವಣೆಗಳಲ್ಲಿ ಇಂಥ ಕೋಣೆಗಳು ತೆರೆಯಲಿವೆಯಂತೆ. ತೆರೆಯಲಿ. ಕಾಂದಿವಲಿಯ ಮಕ್ಕಳಿಂದ ಕಲಿತದ್ದು ಕಡಲಾಚೆಯ ಒಂದು ಮಗುವಿಗೆ ತಲುಪಿದರೆ ನನಗೆ ನಿಜವಾಗಿಯೂ ಸಂತೋಷ. ಆದರೆ ಕಡಲು ದಾಟಿದ ಜ್ಞಾನಕ್ಕೆ ಪಕ್ಕದ ಮನೆಯ ಹೊಸ್ತಿಲು ದಾಟಲು ಏನು ಅಡ್ಡಿ? ವೈಶಾಲಿಯ ಮನೆಗೂ ಮಾಧುರಿಯ ಮನೆಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ, ಸ್ವಾಮಿ.

ಬಿಳಿ ಚೀಟಿಯವರ ಪಾಳಿ ಯಾವಾಗ ಎಂದು ಫೋನಿನಲ್ಲಿ ಕೇಳಿದಾಗ ನಿಮ್ಮ ಕಚೇರಿಯ ಉತ್ತರ: 'ಅಧ್ಯಯನ ಮುಗಿದಿದೆ. ಸೇವೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.' ಎಷ್ಟು ಚೊಕ್ಕ ಮಾತು! ಔಷಧ ಕೆಲಸ ಮಾಡುತ್ತದೆಯೇ ಎಂದು ಗೊತ್ತಿಲ್ಲದಾಗ ರೋಗಿಯನ್ನು ಕಾಯಿಸಿದರೆ ಅದು ಸಂಶೋಧನೆ. ಕೆಲಸ ಮಾಡುತ್ತದೆ ಎಂದು ಜಗತ್ತಿಗೆಲ್ಲ ಸಾರಿದ ಮೇಲೂ ಅದೇ ರೋಗಿಯನ್ನು ಕಾಯಿಸುತ್ತಿದ್ದರೆ ಅದಕ್ಕೆ ಏನೆನ್ನಬೇಕು? ನಿಮ್ಮ ಶಾಸ್ತ್ರದಲ್ಲಿ ಅದಕ್ಕೊಂದು ಪದವಿದ್ದರೆ ದಯವಿಟ್ಟು ತಿಳಿಸಿ. ಆ ಕೋಣೆಯಿಂದ ಎಷ್ಟು ಲಾಭವಾಯಿತು ಎಂದು ನಿಮಗೆ ತಿಳಿದದ್ದೇ ಮಾಧುರಿಯಂಥವರು ಅದಿಲ್ಲದೆ ಕಾದು ಕೂತು ಹೋಲಿಕೆಗೆ ಒದಗಿದ್ದರಿಂದ. ನಿಮ್ಮ ವರದಿಯ ಅರ್ಧ ಭಾಗ ಅವಳದು.

ಮೊನ್ನೆ ಚಾಳಿಗೆ ಹೋಗಿದ್ದೆ. ಮಾಧುರಿ ಬಾಗಿಲಲ್ಲಿ ಕುಳಿತು ಇಮಿಟೇಷನ್ ಓಲೆಗಳಿಗೆ ಹರಳು ಅಂಟಿಸುತ್ತಿದ್ದಳು. ಅವಳ ತಾಯಿ ಚನ್ನವ್ವ ಎಸ್ಟೇಟಿನ ಒಂದು ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ಮಾಡುತ್ತಾರೆ. ನನ್ನನ್ನು ಕಂಡು ನಕ್ಕರು.

"ಬರ್ರಿ ಅಕ್ಕಾರ. ನಳದ ಪಾಳಿ ದಿನಾ ಬರ್ತೈತಿ, ಸಂಡಾಸದ ಪಾಳೀನೂ ಬರ್ತೈತಿ. ನಿಮ್ಮ ಪಾಳಿ ಯಾವ ಊರಿಂದ ಬರಬೇಕ್ರಿ? ಗಾಡಿ ಲೇಟ್ ಐತೇನು?"

ಮಗಳಿಗೆ ಹದಿನಾಲ್ಕು ತುಂಬಿತು, ಬರುವ ಸೋಮವಾರದಿಂದ ತನ್ನ ಜೊತೆಗೇ ಪೂರ್ತಿ ದಿನದ ಕೆಲಸಕ್ಕೆ ಹಚ್ಚುತ್ತೇನೆ ಎಂದರು. ಶಾಲೆಯವರು ಹೆಸರು ತೆಗೆಯುವ ಮೊದಲು ದೊಡ್ಡವರು ಯಾರಾದರೂ ಬಂದು ಮಾತಾಡಲಿ ಎಂದಿದ್ದಾರೆ. ಚನ್ನವ್ವನಿಗೆ ಹೆಡ್‌ಮಾಸ್ಟರ ಎದುರು ನಿಲ್ಲುವ ಧೈರ್ಯವಿಲ್ಲ. ಸುಮಿತ್ರಾ ಮೇಡಂ ಮಾಡುತ್ತಿದ್ದ ಕೆಲಸವೇ ಅದು. "ನೀವು ಪಕ್ಕಾ ಅಂದಿದ್ರಿ ಅಂತ ಎರಡು ವರ್ಷ ತಡದೀನಿ," ಎಂದರು, ಈ ಸಲ ನಗದೆ.

ಅಷ್ಟರಲ್ಲಿ ಹೊರಗೆ ಹುಡುಗಿಯರು ಕೂಗಿದರು. ಚಾಳಿನ ಗಣಪತಿ ಮಂಡಲದ ಕುಣಿತಕ್ಕೆ ಯಾರ ತಂಡಕ್ಕೆ ಯಾವ ಹಾಡು ಎಂದು ಚೀಟಿ ಎತ್ತಬೇಕಿತ್ತು. ಮಾಧುರಿ ಎದ್ದಳು, ಆದರೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು. "ವೈಶಾಲಿ, ನೀನ ಎತ್ತು. ನನ್ನ ಕೈ ಖರಾಬ್ ಐತಿ."

ನಿರ್ದೇಶಕರೇ, ಕಂಪ್ಯೂಟರ್ ಆರಿಸಿದ್ದರೆ ಅವಳು ಕಂಪ್ಯೂಟರನ್ನು ಬೈಯುತ್ತಿದ್ದಳು, ನಿಮ್ಮನ್ನು ಬೈಯುತ್ತಿದ್ದಳು, ಹಗುರಾಗುತ್ತಿದ್ದಳು. ನನ್ನ ಘನವಾದ ಆದರ್ಶದಿಂದಾಗಿ ಅವಳು ತನ್ನ ಕೈಯನ್ನೇ ಬೈಯುತ್ತಿದ್ದಾಳೆ. ನಿಮ್ಮ ವರದಿಯಲ್ಲಿ ಚೀಟಿ ಎತ್ತಿಸಿದ್ದನ್ನು 'ಮಕ್ಕಳ ಪಾಲುದಾರಿಕೆ' ಎಂದು ಹೊಗಳಲಾಗಿದೆ. ಕೆಳಗೆ ನನ್ನ ಹೆಸರಿದೆ. ಅದನ್ನು ತೆಗೆದುಹಾಕಿ ಎಂದು ಕೇಳುವುದಿಲ್ಲ. ಇರಲಿ. ಓದಿದಾಗಲೆಲ್ಲ ನನಗೆ ಚುಚ್ಚಲಿ.

ನನ್ನ ಒತ್ತಾಯ ಇಷ್ಟು: ಕೋಣೆ ತೆರೆಯಿರಿ. ಬಿಳಿ ಚೀಟಿಯ ಎಲ್ಲ ಮಕ್ಕಳಿಗೂ ಅವರ ಪಾಳಿ ಕೊಡಿ. ಇನ್ನು ಮುಂದೆ ನಿಮ್ಮ ಯಾವ ಅಧ್ಯಯನದಲ್ಲೂ, ಕಾಯುವವರಿಗೆ ಕೊಡುವುದನ್ನು ಮೊದಲೇ ಎತ್ತಿಡದೆ ಯಾರನ್ನೂ ಕಾಯಿಸಬೇಡಿ. ಮತ್ತು ಮಾಧುರಿಗೆ, ಅವಳಿಗೆ ಅರ್ಥವಾಗುವ ಕನ್ನಡದಲ್ಲಿ, ಅವಳ ಕೈಯಲ್ಲಿ ಯಾವ ದೋಷವೂ ಇಲ್ಲ ಎಂದು ನೀವೇ ಹೇಳಿ. ನಾನು ಹೇಳಿದೆ. ನನ್ನನ್ನು ಅವಳು ಏಕೆ ನಂಬಬೇಕು?

ಬರುವ ಭಾನುವಾರ ಚನ್ನವ್ವನಿಗೆ ರಜೆ. ಬೀಗದ ಕೈ ಮರೆಯಬೇಡಿ. ನೀವು ಬಾರದಿದ್ದರೂ ನಾನು ಆ ಬಾಗಿಲ ಹೊರಗೆ ನೆಲದ ಮೇಲೆ ಕುಳಿತು, ಅಂದು ಕಾಲಿನಿಂದ ಅಳಿಸಿದ ಲೆಕ್ಕದಿಂದಲೇ ಪಾಠ ಶುರು ಮಾಡುತ್ತೇನೆ. ಸೋಮವಾರ ಹೆಡ್‌ಮಾಸ್ಟರ ಬಳಿಗೂ ಹೋಗುತ್ತೇನೆ. ಆದರೆ ನಾನೊಬ್ಬಳೇ ಒಂದು ಕೋಣೆಯಾಗಲಾರೆ.

ಭಾನುವಾರ, ಸಂಜೆ ನಾಲ್ಕು ಗಂಟೆ, ಬೀಗ ಹಾಕಿದ ಬಾಗಿಲ ಮುಂದೆ.

ಇಂತಿ,
ಅಂದು ಡಬ್ಬ ಹಿಡಿದು ನಿಂತು 'ಪಕ್ಕಾ' ಎಂದವಳು,
ಧಾತ್ರಿ ತಿರುಮಲೇಶ, ಮಾಟುಂಗ