ದಂಡೆಯ ಮೇಲೆ ಬೋರಲು ಮಲಗಿದವರು

ಸಿನ್ನರ್, ನಾಸಿಕ ಜಿಲ್ಲೆ,
೧೨ ಅಕ್ಟೋಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ ಸೊಸೆ ವಿದ್ಯಾವತಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಕಳಿಸಿದ ಎಣ್ಣೆಯನ್ನು ನೀವೇ ಹಚ್ಚಿಕೊಳ್ಳುತ್ತಿದ್ದೀರೋ, ಎಮ್ಮೆಯ ಕಾಲಿಗೆ ತಿಕ್ಕುತ್ತಿದ್ದೀರೋ? ನಿಮ್ಮನ್ನು ನಂಬುವ ಹಾಗಿಲ್ಲ. ನಾವಿಬ್ಬರೂ ಆರಾಮ ಇದ್ದೇವೆ. ಇಲ್ಲಿ ಕಾರ್ಖಾನೆಯ ಹೊಸ ಶೆಡ್ಡಿನ ಕೆಲಸ ಸಂಕ್ರಾಂತಿಯವರೆಗೂ ಇದೆ. ನಿಮ್ಮ ಮಗ ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಾರೆ, ನಾನು ಇಟ್ಟಿಗೆ ಹೊರುತ್ತೇನೆ. ಫೋನಿನಲ್ಲಿ ಹೊಳೆಯ ಮಾತು ತೆಗೆದರೆ ಸಾಕು, ನೀವು ಕಟ್ ಮಾಡಿಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಓದಿ ಹೇಳುತ್ತಿರುವ ಶಿವರಾಯ ಭಾವನವರೇ, ದಯಮಾಡಿ ನಡುವೆ ಸಾಲು ಹಾರಿಸಬೇಡಿ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ಆಣೆ ಮುರಿದಿಲ್ಲ. ಮಾವನವರನ್ನು ಹೊಳೆ ಒಯ್ದ ವರ್ಷ ನೀವು ಇವರ ಅಂಗೈಗೆ ಮೈಲಾರಲಿಂಗನ ಭಂಡಾರದ ಅರಿಸಿನ ಹಾಕಿ, "ಇನ್ನ ಹರಿಯೂ ನೀರಾಗ ಕಾಲ ಇಡಬ್ಯಾಡಪಾ ಶ್ರೀಮಂತಾ" ಎಂದು ಆಣೆ ಮಾಡಿಸಿಕೊಂಡಿರಿ. ಅಂದೇ ಬಲೆ ಬಿಟ್ಟು ಸುತ್ತಿಗೆ ಹಿಡಿದರು. ಆರು ವರ್ಷವಾಯಿತು. ಆದರೆ ಅಂಬಿಗರ ಮಗನ ಕಣ್ಣಿಗೆ ನೀವು ಆಣೆ ಹಾಕಿರಲಿಲ್ಲವಲ್ಲ! ರಜೆಯ ದಿನ ಇಲ್ಲಿಯ ದಾರಣಾ ಹೊಳೆಗೆ ಹೋಗಿ, ಬಂಡೆಯ ಮೇಲೆ ಬೋರಲು ಮಲಗಿ ಮೀನಿನ ಫೋಟೊ ತೆಗೆಯುತ್ತಾರೆ. ಕಿಟಕಿಗೆ ಕೂಡಿಸಿ ಉಳಿದ ಗಾಜಿನ ತುಂಡುಗಳನ್ನು ಅಂಟಿಸಿ ಒಂದು ಪೆಟ್ಟಿಗೆ ಮಾಡಿಕೊಂಡಿದ್ದಾರೆ. ಅದರ ತಳಕ್ಕೆ ಫೋನ್ ಇಟ್ಟು, ಅರ್ಧ ಪೆಟ್ಟಿಗೆ ನೀರಿಗಿಳಿಸಿ, ಮೀನು ತಾನಾಗಿ ಬರಲಿ ಎಂದು ಕಾಯುತ್ತಾರೆ. ಒಮ್ಮೊಮ್ಮೆ ಒಂದು ತಾಸು. ಮನೆಯಲ್ಲಿ ರೊಟ್ಟಿ ಉಬ್ಬುವ ತನಕ ಕಾಯದ ಮನುಷ್ಯ!

ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಮೀನು ಕಂಡರೆ ಹಿಡಿಯಬೇಕು, ಹಿಡಿದರೆ ಸಾರು ಮಾಡಬೇಕು, ಸುಮ್ಮನೆ ನೋಡಿ ಬರುವುದು ಯಾವ ಬುದ್ಧಿ ಎನ್ನುತ್ತಿದ್ದೆ. ಕಳೆದ ವಾರ ನಾನೂ ಜೊತೆಗೆ ಹೋದೆ. ಪೆಟ್ಟಿಗೆ ಕೈಜಾರಿ ಫೋನ್ ಸಮೇತ ತೇಲಿಕೊಂಡು ಹೊರಟಿತು. ನೀರು ಮೊಣಕಾಲುದ್ದ ಅಷ್ಟೇ. ಇವರು ದಂಡೆಗುಂಟ ಓಡಿದರು, ಗಳ ಚಾಚಿದರು, ಕಾಲು ಮಾತ್ರ ಇಡಲಿಲ್ಲ. ನಮ್ಮೂರ ಕೃಷ್ಣೆಯನ್ನು ಈಜಿ ದಾಟುತ್ತಿದ್ದವರು ಅಷ್ಟು ನೀರಿನ ಮುಂದೆ ಹಾಗೆ ನಿಂತದ್ದು ನೋಡಿ ನನಗೆ ಅಳು ಬಂತು. ಸೀರೆ ಎತ್ತಿಕಟ್ಟಿ ನಾನೇ ಇಳಿದೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಪೆಟ್ಟಿಗೆ ಹಿಡಿದವಳು ಹಾಗೇ ಬಗ್ಗಿ ಗಾಜಿನೊಳಗಿಂದ ನೋಡಿದೆ, ಅತ್ತೆ. ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಒಂದು ಮೀನು. ಮೈತುಂಬ ಹುಲಿಪಟ್ಟೆ, ಬಾಯಿಯ ಸುತ್ತ ಎಳೆ ಮೀಸೆ. ಹರಿವು ಎಷ್ಟು ಎಳೆದರೂ ಕಲ್ಲಿಗೆ ಎದೆಯೊತ್ತಿ ಕೂತಿತ್ತು. ಬಲೆಗೆ ಬಂದರೆ ನಾವು ಕಸವೆಂದು ಒದರಿ ಎಸೆಯುತ್ತಿದ್ದ ಜಾತಿ ಅದು. ಅದಕ್ಕೆ ಇಷ್ಟು ಚೆಲುವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದರ ಪಟ್ಟೆ ಹೇಗಿದೆ ಎಂದು ನಾನು ಹೇಳಿದ್ದೇ, ದಂಡೆಯಿಂದ ಇವರು, "ಮೀಸಿ ಎಣಸು, ಆರ ಇರತಾವ. ಅಪ್ಪ ಕಣ್ಣ ಮುಚ್ಚಿ, ಬರೇ ಕೈಲೆ ಮುಟ್ಟಿ ಇದರ ಹೆಸರ ಹೇಳತಿದ್ದ" ಎಂದು ಕೂಗಿದರು. ಈ ಆರು ವರ್ಷದಲ್ಲಿ ಅವರು ಅಪ್ಪನ ಮಾತು ತೆಗೆದದ್ದು ಅದೇ ಮೊದಲು. ನಿಮ್ಮ ಮಗನ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದು ಹೇಗೆ ಬರೆಯಲಿ? ಭಾವನವರು ಓದುತ್ತಿದ್ದಾರೆ, ನಾಚಿಕೆಯಾಗುತ್ತದೆ.

ಇವರು ತೆಗೆದ ಫೋಟೊಗಳು ಮೇಸ್ತ್ರಿಯ ಫೋನಿನಿಂದ ಸುತ್ತಿ ಸುತ್ತಿ ನಾಸಿಕದ ಅಭಿಜಿತ್ ಸರ್ ಕೈಗೆ ಹೋಗಿವೆ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು. ಈ ಹೊಳೆಯಲ್ಲಿ ಯಾವ ಯಾವ ಮೀನು ಇನ್ನೂ ಉಳಿದಿವೆ ಎಂದು ಮೇಲಿನಿಂದ ಕೆಳಗಿನವರೆಗೆ ನಡೆದು, ಫೋಟೊ ಸಹಿತ ಬರೆದಿಡುತ್ತಾರಂತೆ. ಮೊನ್ನೆ ಕೆಲಸದ ಜಾಗಕ್ಕೇ ಬಂದು, ಮೀನನ್ನು ಇಷ್ಟು ಬಲ್ಲವರು ನಮಗೆ ಬೇಕು, ಜೊತೆಗೆ ಬನ್ನಿ ಎಂದರು. ಸೊಂಟದುದ್ದ ನೀರಿನಲ್ಲಿ ನಿಲ್ಲಬೇಕು. ಹಗ್ಗ, ತೇಲುವ ಜಾಕೆಟ್, ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ. ಇವರು "ನಾಹಿ ಜಮಣಾರ್, ಸರ್" ಎಂದು, ಆಗುವುದಿಲ್ಲವೆಂದು ಮರಾಠಿಯಲ್ಲೇ ಹೇಳಿ ತಲೆ ತಗ್ಗಿಸಿದರು. ಕಾರಣ ಹೇಳಲಿಲ್ಲ. ದೀಪಾವಳಿ ಕಳೆದ ಎರಡನೇ ಭಾನುವಾರ ತಂಡ ಹೊರಡುತ್ತದೆ. ಅಲ್ಲಿಯವರೆಗೆ ಇವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಸರ್ ಹೇಳಿ ಹೋಗಿದ್ದಾರೆ.

ಮೂರು ಫೋಟೊ ಪ್ರಿಂಟ್ ಹಾಕಿಸಿ ಇದರಲ್ಲಿ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ. ಹುಲಿಪಟ್ಟೆಯ ಮೀನಿಗೆ ಮಾವನವರು ಏನೆನ್ನುತ್ತಿದ್ದರೋ ನಿಮಗೆ ನೆನಪಿರಬೇಕು.

ಮನೆಯವರೆಲ್ಲರನ್ನೂ ಕೇಳಿದೆವೆಂದು ಹೇಳಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ವಿದ್ಯಾವತಿ

ತಾ.ಕ.: ಈ ಕಾಗದ ಬರೆದದ್ದು ಇವರಿಗೆ ಗೊತ್ತಿಲ್ಲ. ಭಂಡಾರ ಮುಟ್ಟಿಸಿ ಹಾಕಿದ ಆಣೆಯನ್ನು ಹಾಕಿದವರೇ ಭಂಡಾರ ಕೊಟ್ಟು ಬಿಡಿಸಬೇಕಲ್ಲ, ಫೋನಿನಲ್ಲಿ ಬಿಡಿಸಲು ಬರುವುದಿಲ್ಲ. ನಿಮ್ಮ ಮನಸ್ಸು ಒಪ್ಪಿದರೆ ನಿಮ್ಮ ಕೈಯಾರೆ ಒಂದು ಚಿಟಿಕೆ ಭಂಡಾರ ಕಾಗದದಲ್ಲಿ ಮಡಚಿ ಕಳಿಸಿ. ವಿಳಾಸ ಬರೆದ ಲಕೋಟೆ ಒಳಗಿದೆ. ಒಪ್ಪದಿದ್ದರೆ ಅವರು ನಿಮ್ಮ ಮೇಲೆ ಒಂದು ಮಾತೂ ಆಡದೆ, ಬದುಕಿರುವ ತನಕ ದಂಡೆಯ ಮೇಲೇ ಮಲಗಿರುತ್ತಾರೆ. ಅವರು ಎಂದೂ ನಿಮ್ಮನ್ನು ಕೇಳುವುದಿಲ್ಲ, ಅತ್ತೆ. ಅದಕ್ಕೇ ನಾನು ಕೇಳುತ್ತಿದ್ದೇನೆ.